ಗಂಟು ಹಾಕಿದ ಮಣಿಸರ: ದಾರ, ತೂತು, ಗಂಟಿನ ಲೆಕ್ಕ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನದಲ್ಲಿ ಪ್ರಾಚೀನ ಕಾಲದ ಮಣಿಗಳು ಸಿಕ್ಕಿದ್ದವು. ಕಲ್ಲಿನ ಮಣಿಗೆ ಸಾವಿರಾರು ವರ್ಷದ ಆಯುಸ್ಸು. ಅದನ್ನು ಹಿಡಿದಿಟ್ಟ ದಾರ ಮಾತ್ರ, ದಿನವೂ ಕೊರಳಲ್ಲಿದ್ದರೆ, ಎರಡು ಮೂರು ವರ್ಷ ಬಾಳಿದರೆ ಹೆಚ್ಚು. ಆದರೂ ಅಂಗಡಿಯಲ್ಲಿ ಮಣಿ ಆರಿಸಲು ಒಂದು ತಾಸು ಕಳೆಯುವವರು ದಾರದ ಸರದಿ ಬಂದಾಗ "ಯಾವುದಾದರೂ ಕೊಡ್ರಿ" ಅಂದುಬಿಡುತ್ತಾರೆ. ಕೈಯಲ್ಲಿ ಕಟ್ಟಿದ ಸರಗಳಲ್ಲಿ ಹೆಚ್ಚಿನವು ಕೆಡುವುದಕ್ಕೆ ಇದೇ ಕಾರಣ. ಹಾಗಾಗಿ ಇಲ್ಲಿ ದಾರದ ಮಾತು ಮೊದಲು, ಮಣಿಯ ಮಾತು ಆಮೇಲೆ.

ಮಣಿ ಮಣಿಯ ನಡುವೆ ಗಂಟು ಏಕೆ ಬೇಕು? ಸರ ಹರಿದರೆ ಒಂದೇ ಮಣಿ ಉದುರುತ್ತದೆ, ಉಳಿದವು ಜಾಗದಲ್ಲೇ ಇರುತ್ತವೆ. ಮಣಿಗಳು ಒಂದಕ್ಕೊಂದು ಉಜ್ಜಿ ಹೊಳಪು ಕಳೆದುಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಮಣಿಯ ಪಕ್ಕದಲ್ಲೂ ದಾರ ಬಾಗಲು ಜಾಗ ಸಿಗುವುದರಿಂದ ಸರ ಕೊರಳಿಗೆ ಮೆತ್ತಗೆ ಒರಗುತ್ತದೆ. ಗುಂಡಿನ ಸರ, ಬೋರಮಾಳದ ಹಿಂದೆ ದಾರವೂ ಗೊಂಡೆಯೂ ಇರುವುದನ್ನು ನೋಡಿ ಬೆಳೆದ ನಮ್ಮ ಭಾಗದವರಿಗೆ ದಾರವೂ ಒಡವೆಯ ಭಾಗ ಎಂಬುದನ್ನು ಬೇರೆ ಹೇಳಬೇಕಿಲ್ಲ.

ದಾರ ಯಾವುದು

ಹೊಸಬರಿಗೆ 0.8 ಮಿ.ಮೀ. ದಪ್ಪದ ಮೇಣ ಹಚ್ಚಿದ ಪಾಲಿಯೆಸ್ಟರ್ ದಾರವೇ ಸರಿ. ಗಂಟು ಜಾರದೆ ನಿಲ್ಲುತ್ತದೆ, ಬೆವರಿಗೆ ಕೊಳೆಯುವುದಿಲ್ಲ, ತುದಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಬಹುದು. ನೈಲಾನ್ ದಾರದ ಹೊಳಪು ಚೆಂದ, ಆದರೆ ಅದು ಹಿಗ್ಗುತ್ತದೆ. ಬಳಸುವ ಮುಂಚೆ ತುದಿಗೆ ಅರ್ಧ ಲೀಟರ್ ನೀರು ತುಂಬಿದ ಬಾಟಲಿ ಕಟ್ಟಿ ಒಂದು ರಾತ್ರಿ ತೂಗುಹಾಕಿ. ಹೀಗೆ ಮಾಡದಿದ್ದರೆ ಸರ ಕಟ್ಟಿದ ಒಂದು ತಿಂಗಳಲ್ಲಿ ಗಂಟಿಗೂ ಮಣಿಗೂ ನಡುವೆ ಸಂದಿ ಬೀಳುತ್ತದೆ. ಹತ್ತಿ ದಾರ ಮೈಗೆ ಹಿತ, ಆದರೆ ಬೆವರು ಕುಡಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಯ ಬಿಸಿಲಿನಲ್ಲಿ ದಿನವೂ ಹಾಕಿಕೊಳ್ಳುವ ಸರಕ್ಕೆ ಅದು ಬೇಡ. ರೇಷ್ಮೆ ದಾರ ಮುತ್ತಿಗೆ ಒಳ್ಳೆಯದು, ಕಲ್ಲಿನ ಮಣಿಗೆ ಅಲ್ಲ. ಕಲ್ಲಿನ ತೂತಿನ ಅಂಚು ಅದನ್ನು ಬೇಗ ಕೊಯ್ಯುತ್ತದೆ.

ತಂದ ದಾರ ಯಾವುದೆಂದು ಗೊತ್ತಿಲ್ಲದಿದ್ದರೆ ಒಂದು ಬೆರಳಷ್ಟು ತುಂಡನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತವೆ. ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಲಡಿಯ ಮೇಲಿನ ಚೀಟಿಗಿಂತ ಈ ಪರೀಕ್ಷೆಯನ್ನೇ ನಂಬಿ.

ಬಳ್ಳಾರಿಯವರಿಗೆ ಒಂದು ಅನುಕೂಲವಿದೆ. ಜೀನ್ಸ್ ಹೊಲಿಗೆಯ ಊರಾದ್ದರಿಂದ ದಪ್ಪ, ಗಟ್ಟಿ ಪಾಲಿಯೆಸ್ಟರ್ ಹೊಲಿಗೆ ದಾರವನ್ನು ಇಲ್ಲಿ ಹುಡುಕಿಕೊಂಡು ಹೋಗಬೇಕಿಲ್ಲ. ಅದು ಒಂಟಿ ಎಳೆಯಲ್ಲಿ ಸರಕ್ಕೆ ಸಾಲದು. ಎರಡೆಳೆ ಸೇರಿಸಿ, ಜೇನುಮೇಣದ ತುಂಡಿನ ಮೇಲೆ ಎರಡು ಮೂರು ಸಲ ಎಳೆದು, ಬೆರಳಲ್ಲಿ ಸವರಿ ಮೇಣ ಒಳಗಿಳಿಸಿದರೆ 4 ಮಿ.ಮೀ. ಮಣಿಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಬಣ್ಣ ಆರಿಸುವಾಗ ಧೂಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇಣದ ದಾರಕ್ಕೆ ಧೂಳು ಅಂಟುತ್ತದೆ. ಸಂಡೂರಿನ ಕಡೆಯ ಕೆಂಪು ಧೂಳಿನಲ್ಲಿ ಬಿಳಿ ದಾರ ಎಂಟೇ ದಿನಕ್ಕೆ ಬಣ್ಣ ತಿರುಗುತ್ತದೆ. ಕಪ್ಪು, ಕಂದು, ದಟ್ಟ ಕೆಂಪು ಬಾಳಿಕೆ ಬರುತ್ತವೆ.

ಗಂಗಾವತಿ ತಾಲ್ಲೂಕಿನ ಆನೆಗುಂದಿಯಲ್ಲಿ ಹೆಣ್ಣುಮಕ್ಕಳು ಬಾಳೆನಾರಿನಿಂದ ಚೀಲ, ಬುಟ್ಟಿ, ಚಾಪೆ ಮಾಡುತ್ತಾರೆ. ಆ ನಾರಿನ ಸಣ್ಣ ಹುರಿ ಸಿಕ್ಕರೆ ದೊಡ್ಡ ತೂತಿನ ಕಟ್ಟಿಗೆ ಮಣಿಗೆ, ಸುಟ್ಟ ಮಣ್ಣಿನ ಮಣಿಗೆ ಬಹಳ ಒಪ್ಪುತ್ತದೆ. ಒಣ ನಾರು ಗಂಟು ಹಾಕುವಾಗ ಸೀಳುತ್ತದೆ, ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟು ಮೆತ್ತಗಾದ ಮೇಲೆ ಕಟ್ಟಿ, ನೆರಳಲ್ಲಿ ಪೂರ್ತಿ ಒಣಗಿಸಿ. ಮುಂದೆ ಹೇಳುವ ಜಾರುಗಂಟಿಗೆ ಮಾತ್ರ ಈ ಹುರಿ ಆಗದು. ಒರಟಾದ್ದರಿಂದ ಜಾರುವುದೇ ಇಲ್ಲ.

ಮಣಿಗಿಂತ ಅದರ ತೂತು

ದಾರ ತೂತಿನಲ್ಲಿ ಒಮ್ಮೆ, ಸ್ವಲ್ಪ ತಿಕ್ಕಿಕೊಂಡು ಹೋಗಬೇಕು. ಸಡಿಲವಾಗಿ ಓಡಾಡಿದರೆ ಗಂಟೇ ತೂತಿನೊಳಗೆ ಇಳಿಯುತ್ತದೆ. ಒಂಟಿ ಗಂಟಿನ ಅಗಲ ದಾರದ ದಪ್ಪದ ಸುಮಾರು ಎರಡರಿಂದ ಎರಡೂವರೆ ಪಟ್ಟು. 0.8 ಮಿ.ಮೀ. ದಾರದ ಗಂಟು ಸುಮಾರು 2 ಮಿ.ಮೀ., ಹಾಗಾಗಿ 1 ಮಿ.ಮೀ. ತೂತಿಗೆ ಅದು ಗಟ್ಟಿಯಾಗಿ ಆನಿಸಿ ನಿಲ್ಲುತ್ತದೆ. 8 ಮಿ.ಮೀ. ಕಲ್ಲಿನ ಮಣಿಗೆ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನ ತೂತಿರುತ್ತದೆ. ಮುತ್ತಿನ ತೂತು ಇನ್ನೂ ಸಣ್ಣದು, ಅದಕ್ಕೆ ಎರಡೆಳೆಯ ಸಣ್ಣ ದಾರವೇ ಗತಿ. ಕಟ್ಟಿಗೆ ಮಣಿಗೆ 2ರಿಂದ 3 ಮಿ.ಮೀ. ಇರುವುದುಂಟು, ಅಲ್ಲಿ ಎರಡು ಸುತ್ತಿನ ಗಂಟು ಹಾಕಬೇಕು, ಇಲ್ಲವೇ ಪ್ರತಿ ಮಣಿಯ ಎರಡೂ ಪಕ್ಕಕ್ಕೆ ಒಂದೊಂದು ಸಣ್ಣ ಗಾಜಿನ ಮಣಿ ಇಟ್ಟು ತೂತು ಮುಚ್ಚಬೇಕು.

ಕಲ್ಲಿನ ಮಣಿ ಕೊಳ್ಳುವಾಗ ತೂತಿನ ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಚುಚ್ಚಿದರೆ ಆ ಮಣಿ ದಾರವನ್ನು ಗರಗಸದಂತೆ ಕೊಯ್ಯುತ್ತದೆ. ಅನುಮಾನ ಬಂದರೆ ಒಂದು ತುಂಡು ದಾರ ತೂರಿಸಿ ಹತ್ತು ಸಲ ಹಿಂದೆ ಮುಂದೆ ಎಳೆಯಿರಿ. ಎಳೆ ಬಿಚ್ಚಿಕೊಂಡರೆ ಆ ಮಣಿ ಪಕ್ಕಕ್ಕೆ. ಮೊನಚಾದ ವಜ್ರದ ಪುಡಿಯ ಅರದಿಂದ ಅಂಚನ್ನು ಸವರಿ ನಯ ಮಾಡಬಹುದು, ಆದರೆ ಮಣಿಯನ್ನು ನೀರಿನಲ್ಲಿ ಅದ್ದಿಕೊಂಡೇ ಮಾಡಿ. ಒಣದಾಗಿ ಉಜ್ಜಿದರೆ ಕಲ್ಲು ಬಿಸಿಯಾಗಿ ಚೂರು ಹಾರುತ್ತದೆ, ಏಳುವ ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸಂಡೂರಿನ ಲಂಬಾಣಿ ಕಸೂತಿಯ ಅಂದಕ್ಕೆ ಮನಸೋತು ಸರದಲ್ಲಿ ಕವಡೆ ಪೋಣಿಸುವವರಿಗೂ ಇದೇ ಎಚ್ಚರಿಕೆ. ಒಡೆದು ಮಾಡಿದ ಕವಡೆಯ ತೂತಿನ ಅಂಚು ಬಹಳ ಹರಿತ. 400 ನಂಬರಿನ ಉಜ್ಜುಕಾಗದವನ್ನು ಸುರುಳಿ ಮಾಡಿ ಒಳಗೆ ತಿರುಗಿಸಿ ನಯ ಮಾಡಿಕೊಳ್ಳಿ.

ಬೀಜಗಳ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗುಲಗಂಜಿಯನ್ನು ಕೊರೆದು ಸರ ಮಾಡಬೇಡಿ. ಅದರೊಳಗೆ ಅಬ್ರಿನ್ ಎಂಬ ಕಡು ವಿಷವಿದೆ. ಗಟ್ಟಿ ಸಿಪ್ಪೆ ಇರುವವರೆಗೆ ಅದು ಒಳಗೇ ಇರುತ್ತದೆ, ತೂತು ಕೊರೆದರೆ ಹೊರಬರಲು ದಾರಿ ಮಾಡಿಕೊಟ್ಟಂತೆ. ಔಡಲ ಬೀಜದಲ್ಲೂ ರಿಸಿನ್ ಎಂಬ ವಿಷವಿದೆ, ಅದನ್ನೂ ಬಿಡಿ. ಮೂರು ವರ್ಷದೊಳಗಿನ ಮಕ್ಕಳ ಕೊರಳಿಗೆ ಯಾವ ಮಣಿಸರವೂ ಬೇಡ. ಬಾಯಿಗೆ ಹೋದ ಮಣಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಕತ್ತರಿಸುವ ಮುಂಚೆ ಹತ್ತು ಗಂಟು

"ಸರದ ಎರಡು ಪಟ್ಟು ದಾರ ತಗೊ" ಎಂಬ ಬಾಯಿಮಾತಿನ ಲೆಕ್ಕ ಕೆಲವೊಮ್ಮೆ ಸರಿಹೋಗುತ್ತದೆ, ಕೆಲವೊಮ್ಮೆ ಕೊನೆಯ ನಾಲ್ಕು ಮಣಿ ಇರುವಾಗ ಕೈಕೊಡುತ್ತದೆ. ಗಂಟು ಎಷ್ಟು ದಾರ ನುಂಗುತ್ತದೆ ಎಂಬುದು ದಾರದ ದಪ್ಪ ಮತ್ತು ನಿಮ್ಮ ಕೈಯ ಬಿಗಿ, ಎರಡರ ಮೇಲೂ ನಿಂತಿದೆ. ಅದನ್ನು ಅಳೆದೇ ತಿಳಿಯಬೇಕು.

ದಾರದ ಮೇಲೆ 30 ಸೆಂ.ಮೀ. ಅಂತರಕ್ಕೆ ಎರಡು ಗುರುತು ಮಾಡಿ. ಆ ನಡುವೆ ಹತ್ತು ಗಂಟು ಹಾಕಿ, ಸರದಲ್ಲಿ ಎಳೆಯುವಷ್ಟೇ ಬಿಗಿಯಾಗಿ ಎಳೆಯಿರಿ. ಈಗ ಗುರುತುಗಳ ನಡುವೆ ಮತ್ತೆ ಅಳೆಯಿರಿ. 23 ಸೆಂ.ಮೀ. ಉಳಿದಿದ್ದರೆ ಹತ್ತು ಗಂಟಿಗೆ 7 ಸೆಂ.ಮೀ. ಹೋಯಿತು, ಒಂದು ಗಂಟಿಗೆ 7 ಮಿ.ಮೀ. ಬೇಕಾದ ದಾರ ಎಂದರೆ ಮಣಿಸಾಲಿನ ಉದ್ದ, ಅದಕ್ಕೆ ಗಂಟುಗಳು ನುಂಗುವ ಉದ್ದ, ಅದಕ್ಕೆ ಹಿಂದಿನ ಎರಡು ಬಾಲ, ಮೇಲೆ ಕೈ ಹಿಡಿಯಲು 20 ಸೆಂ.ಮೀ.

ಈ ಲೇಖನದ ಸರಕ್ಕೆ ಲೆಕ್ಕ ಹೀಗೆ: 8 ಮಿ.ಮೀ. ಮಣಿ ಮತ್ತು 2 ಮಿ.ಮೀ. ಗಂಟು ಸೇರಿ 1 ಸೆಂ.ಮೀ. 35 ಮಣಿಗೆ ಸಾಲು 35 ಸೆಂ.ಮೀ. ಗಂಟು 36, ಅವು ನುಂಗುವುದು ಸುಮಾರು 25 ಸೆಂ.ಮೀ. ಬಾಲ 20, 20. ಕೈಹಿಡಿಕೆ 20. ಒಟ್ಟು 120 ಸೆಂ.ಮೀ. ಇದರ ಜೊತೆ ಜಾರುಗಂಟಿಗೆ 50 ಸೆಂ.ಮೀ. ಬೇರೆ ತುಂಡು. ಮಣಿ 39 ತನ್ನಿ: 35 ಸಾಲಿಗೆ, 2 ಬಾಲದ ತುದಿಗೆ, 2 ಎತ್ತಿಡಲು.

ಸರ ಕಟ್ಟುವುದು

ಬೇಕಾದ ಸಾಮಾನು ಕಡಿಮೆ: ಸಣ್ಣ ಹರಿತ ಕತ್ತರಿ, ಟೇಪು, ದಬ್ಬಣ ಅಥವಾ ದಪ್ಪನೆಯ ಮೊಂಡು ಸೂಜಿ, ಲೈಟರ್, ಪಿನ್ನು, ಗಟ್ಟಿ ದಿಂಬು. ಮಣಿಗಳನ್ನು ಅಂಚಿರುವ ತಾಟಿನಲ್ಲಿ ಟವೆಲ್ ಹಾಸಿ ಸುರಿದುಕೊಳ್ಳಿ, ಉರುಳುವುದಿಲ್ಲ. ಮೊದಲು ತಾಟಿನಲ್ಲೇ ಸಾಲಾಗಿ ಜೋಡಿಸಿ. ಒಂದೇ ಮಾಲೆಯ ಕಲ್ಲುಗಳಲ್ಲೂ ಬಣ್ಣ, ಗಾತ್ರ ಒಂದೇ ಇರುವುದಿಲ್ಲ. ದೊಡ್ಡವು ನಡುವಿಗೆ, ಸಣ್ಣವು ಎರಡು ತುದಿಗೆ. ಗಂಟು ಬಿದ್ದ ಮೇಲೆ ಅದಲುಬದಲು ಮಾಡಲಾಗದು.

ಸೂಜಿಗೆ ದಾರ ಹೋಗದಿದ್ದರೆ ದಾರದ ತುದಿಯನ್ನೇ ಸೂಜಿ ಮಾಡಿಕೊಳ್ಳಿ. ತುದಿಯ 3 ಸೆಂ.ಮೀ. ಭಾಗಕ್ಕೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ, ಬೆರಳಲ್ಲಿ ಹೊಸೆದು, ಅರ್ಧ ತಾಸು ಒಣಗಿಸಿ, ಓರೆಯಾಗಿ ಕತ್ತರಿಸಿ. ಸರ ಮುಗಿಯುವವರೆಗೂ ಅದು ಗಟ್ಟಿಯಾಗಿರುತ್ತದೆ.

ದಾರದ ಒಂದು ತುದಿಯಿಂದ 25 ಸೆಂ.ಮೀ. ಬಿಟ್ಟು ಮೊದಲ ಗಂಟು ಹಾಕಿ. ಆ ಗಂಟಿನ ಹಿಂದೆ ಪಿನ್ನು ಚುಚ್ಚಿ ದಿಂಬಿಗೆ ಸಿಕ್ಕಿಸಿ. ಪಿನ್ನು ದಾರದ ಎಳೆಗಳ ನಡುವೆ ಹೋಗದೆ ಪಕ್ಕದಲ್ಲಿ ಕುಣಿಕೆಯಂತೆ ಹಿಡಿಯಲಿ. ಒಂದು ಮಣಿ ಪೋಣಿಸಿ ಗಂಟಿನವರೆಗೆ ತಳ್ಳಿ.

ಮುಂದಿನದೇ ಇಡೀ ಕೆಲಸದ ಜೀವ, ನಿಧಾನ ಮಾಡಿ. ಮಣಿಯ ಮುಂದೆ ದಾರದಲ್ಲಿ ಸಡಿಲ ಕುಣಿಕೆ ಮಾಡಿ, ತುದಿಯನ್ನು ಅದರೊಳಗೆ ತೂರಿಸಿ. ಎಳೆಯಬೇಡಿ. ಕುಣಿಕೆಯೊಳಗೆ ದಬ್ಬಣದ ಮೊನೆ ಇಡಿ. ಒಂದು ಕೈಯಲ್ಲಿ ದಾರವನ್ನು ಮೆಲ್ಲಗೆ ಎಳೆಯುತ್ತ, ಇನ್ನೊಂದು ಕೈಯ ದಬ್ಬಣದಿಂದ ಕುಣಿಕೆಯನ್ನು ಮಣಿಯ ಬುಡಕ್ಕೆ ಸರಿಸಿಕೊಂಡು ಹೋಗಿ. ದಬ್ಬಣ ಮಣಿಗೆ ತಾಗಿದ ಮೇಲೆ ದಾರ ಬಿಗಿ ಮಾಡಿ, ದಬ್ಬಣ ಹೊರತೆಗೆದು, ಅದೇ ಉಸಿರಿನಲ್ಲಿ ಹೆಬ್ಬೆರಳ ಉಗುರಿನಿಂದ ಗಂಟನ್ನು ಮಣಿಯ ಕಡೆ ಒತ್ತಿ ಎಳೆಯಿರಿ. ದಬ್ಬಣ ತೆಗೆದು ತಡ ಮಾಡಿದರೆ, ಇಲ್ಲವೇ ಮಣಿಗೆ ತಲುಪುವ ಮುಂಚೆಯೇ ಎಳೆದುಬಿಟ್ಟರೆ, ಗಂಟು ಅರ್ಧ ದಾರಿಯಲ್ಲೇ ಬಿಗಿಯುತ್ತದೆ. ಮಣಿ ಅಲ್ಲಾಡುವ ಸರಗಳಲ್ಲಿ ಆಗಿರುವುದು ಇದೇ.

ಗಂಟು ತಪ್ಪಿದರೆ ಕೂಡಲೇ ಬಿಚ್ಚಿ. ದಬ್ಬಣದ ಮೊನೆಯನ್ನು ಗಂಟಿನ ನಡುವೆ ತೂರಿಸಿ ಅಲ್ಲಾಡಿಸಿದರೆ ಸಡಿಲುತ್ತದೆ. ಒಂದೇ ಜಾಗದಲ್ಲಿ ಮೂರು ಸಲಕ್ಕಿಂತ ಹೆಚ್ಚು ಬಿಚ್ಚಿ ಹಾಕಿದರೆ ದಾರದ ಎಳೆ ನವೆಯುತ್ತದೆ; ಆಗ ಆ ದಾರವನ್ನೇ ಬಿಟ್ಟು ಹೊಸದರಲ್ಲಿ ಶುರು ಮಾಡುವುದು ಕ್ಷೇಮ. ಐದಾರು ಮಣಿ ಇರುವಾಗ ಬಿಡಲು ಮನಸ್ಸು ಬರುತ್ತದೆ, ಇಪ್ಪತ್ತಾದ ಮೇಲೆ ಬರುವುದಿಲ್ಲ. ಹಾಗಾಗಿ ಮೊದಲ ಐದು ಗಂಟನ್ನು ಬೇರೊಂದು ತುಂಡಿನಲ್ಲಿ ಅಭ್ಯಾಸ ಮಾಡಿಯೇ ಕೂರಿ.

ಪ್ರತಿ ಹತ್ತು ಮಣಿಗೆ ಸರವನ್ನು ಎತ್ತಿ ಹಿಡಿದು ನೋಡಿ. ಕೋಲಿನಂತೆ ಸೆಟೆದು ನಿಂತರೆ ಬಿಗಿ ಅತಿಯಾಗಿದೆ. ಬಿಲ್ಲಿನಂತೆ ನಯವಾಗಿ ಬಾಗಿ, ಮಣಿ ಮಾತ್ರ ಅಲ್ಲಾಡದಿದ್ದರೆ ಸರಿ ಇದೆ. ಉದ್ದವನ್ನೂ ಅಳೆಯಿರಿ: ಹತ್ತು ಮಣಿಗೆ 10 ಸೆಂ.ಮೀ. ಬರಬೇಕಾದಲ್ಲಿ 10.5 ಬಂದರೆ ಗಂಟುಗಳು ಸಡಿಲ ಬೀಳುತ್ತಿವೆ. ಮೊದಲ ಸಲ 35 ಮಣಿಗೆ ಎರಡರಿಂದ ಮೂರು ತಾಸು ಬೇಕು. ಒಂದೇ ಕೂರಿಕೆಯಲ್ಲಿ ಮುಗಿಸಿ. ಬೆಳಗಿನ ಕೈಬಿಗಿ, ದಣಿದ ಸಂಜೆಯ ಕೈಬಿಗಿ ಒಂದೇ ಇರುವುದಿಲ್ಲ, ಸರದಲ್ಲಿ ಅದು ಕಾಣುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ವಾಸಿ. ಮಧ್ಯಾಹ್ನದ ಸೆಕೆಗೆ ಮೇಣ ಮೆತ್ತಗಾಗಿ ದಾರ ಬೆರಳಿಗೆ ಅಂಟುತ್ತದೆ, ಗಂಟು ಸರಿಯುವುದಿಲ್ಲ.

ಚೌಕ ಗಂಟು ಮತ್ತು ಜಾರುವ ಮುಚ್ಚಿಗೆ

ಸರದ ಎರಡು ತುದಿ ಸೇರಿಸುವ ಮುಚ್ಚಿಗೆಗೆ ಲೋಹದ ಕೊಂಡಿ ಹಾಕಬಹುದು. ಆದರೆ ಅಗ್ಗದ ಕೊಂಡಿಯಲ್ಲಿ ನಿಕ್ಕಲ್ ಇದ್ದರೆ ಕೆಲವರಿಗೆ ಕುತ್ತಿಗೆ ತುರಿಸುತ್ತದೆ, ಹಿತ್ತಾಳೆ ಬೆವರಿಗೆ ಹಸಿರಾಗುತ್ತದೆ. ದಾರದ ಜಾರುಗಂಟಿಗೆ ಇದಾವುದೂ ಇಲ್ಲ. ಉದ್ದವನ್ನೂ ಬೇಕಾದಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಸರದ ಎರಡು ಬಾಲಗಳನ್ನು ಎದುರುಬದುರು ದಿಕ್ಕಿನಲ್ಲಿ ಒಂದರ ಪಕ್ಕ ಒಂದು 6 ಸೆಂ.ಮೀ. ಒತ್ತಾಗಿ ಇಡಿ. ಇವು ನಡುದಾರ. ಬೇರೆಯಾಗಿಟ್ಟ 50 ಸೆಂ.ಮೀ. ತುಂಡಿನ ಮಧ್ಯಭಾಗವನ್ನು ಇವುಗಳ ಕೆಳಗೆ ಇಡಿ. ಇದು ಸುತ್ತುದಾರ. ಎಡಕ್ಕೊಂದು ತುದಿ, ಬಲಕ್ಕೊಂದು ತುದಿ. ಎಡ ತುದಿಗೆ ಸ್ವಲ್ಪ ಕೆಂಪು ಉಗುರುಬಣ್ಣ ಹಚ್ಚಿ. ಈ ಕೆಂಪು ದಾರವನ್ನು ನಡುದಾರದ ಮೇಲಿನಿಂದ ಬಲಕ್ಕೆ ತನ್ನಿ, ಎಡಗಡೆ ಸಣ್ಣ ಕುಣಿಕೆ ಉಳಿಯಲಿ. ಬಲ ದಾರವನ್ನು ಕೆಂಪಿನ ಮೇಲೆ ಇಟ್ಟು, ನಡುದಾರದ ಅಡಿಯಿಂದ ಎಡಕ್ಕೆ ತಂದು, ಎಡ ಕುಣಿಕೆಯಿಂದ ಮೇಲಕ್ಕೆ ತೆಗೆಯಿರಿ. ಎರಡೂ ಕಡೆ ಸಮನಾಗಿ ಎಳೆಯಿರಿ. ಇದು ಅರ್ಧ ಗಂಟು. ಈಗ ಕೆಂಪು ದಾರ ಬಲಗಡೆ ಇದೆ. ಅದನ್ನೇ ಮತ್ತೆ ನಡುದಾರದ ಮೇಲಿನಿಂದ ಎಡಕ್ಕೆ ತಂದು, ಇನ್ನೊಂದನ್ನು ಅದರ ಮೇಲಿಟ್ಟು, ಅಡಿಯಿಂದ ಬಲಕ್ಕೆ ಹಾಯಿಸಿ, ಬಲ ಕುಣಿಕೆಯಿಂದ ಮೇಲಕ್ಕೆ. ಇಲ್ಲಿಗೆ ಒಂದು ಪೂರ್ತಿ ಚೌಕ ಗಂಟು.

ಎಡ, ಬಲ ಮರೆತುಹೋಗುವುದೇ ಎಲ್ಲರ ತೊಂದರೆ. ಕೆಂಪು ಗುರುತು ಅದಕ್ಕೇ: ಚೌಕ ಗಂಟಿನಲ್ಲಿ ಯಾವಾಗಲೂ ಒಂದೇ ದಾರ ನಡುದಾರದ ಮೇಲೆ ಹಾಯುತ್ತದೆ. ಕೆಂಪು ಎಡಕ್ಕಿರಲಿ ಬಲಕ್ಕಿರಲಿ, ಮೇಲೆ ಹಾಯುವುದು ಅದೇ. ತಪ್ಪಿದರೆ ಪಟ್ಟಿ ಸುರುಳಿಯಂತೆ ತಿರುಚಿಕೊಳ್ಳಲು ಶುರುವಾಗುತ್ತದೆ. ಅಲ್ಲಿಗೆ ನಿಲ್ಲಿಸಿ ಒಂದು ಅರ್ಧ ಗಂಟು ಬಿಚ್ಚಿ ನೋಡಿ.

ಹೀಗೆ ಐದು ಪೂರ್ತಿ ಗಂಟು ಹಾಕಿ. ಕತ್ತರಿಸುವ ಮುಂಚೆ ಎರಡೂ ಬಾಲ ಹಿಡಿದು ಎಳೆದು ಪರೀಕ್ಷಿಸಿ. ತನ್ನಷ್ಟಕ್ಕೆ ಜಾರಿದರೆ ಸುತ್ತುದಾರ ಇನ್ನಷ್ಟು ಎಳೆಯಿರಿ, ಎಳೆದರೂ ಬಾರದಿದ್ದರೆ ಸ್ವಲ್ಪ ಸಡಿಲಿಸಿ. ಸರಿಯೆನಿಸಿದ ಮೇಲೆ ಸುತ್ತುದಾರದ ತುದಿಗಳನ್ನು 2 ಮಿ.ಮೀ. ಬಿಟ್ಟು ಕತ್ತರಿಸಿ, ಲೈಟರ್ ಜ್ವಾಲೆಯ ಬುಡದ ನೀಲಿ ಭಾಗವನ್ನು ಹತ್ತಿರ ಹಿಡಿದು ಕರಗಿಸಿ, ತಣ್ಣನೆಯ ಚಮಚದ ಹಿಂಬದಿಯಿಂದ ಒತ್ತಿ. ಬೆರಳಿನಿಂದ ಬೇಡ, ಕರಗಿದ ದಾರ ಚರ್ಮಕ್ಕೆ ಅಂಟಿ ಸುಡುತ್ತದೆ. ನಡುದಾರಕ್ಕೂ ಜ್ವಾಲೆಗೂ ನಡುವೆ ಇನ್ನೊಂದು ಚಮಚ ಅಡ್ಡ ಇಡಿ. ನಡುದಾರ ಒಂದಿಷ್ಟು ಕರಗಿ ಸುತ್ತುದಾರಕ್ಕೆ ಬೆಸೆದುಕೊಂಡರೂ ಸಾಕು, ಮುಚ್ಚಿಗೆ ಇನ್ನೆಂದೂ ಜಾರುವುದಿಲ್ಲ. ಅದನ್ನು ಕತ್ತರಿಸಿ ಹೊಸದಾಗಿಯೇ ಕಟ್ಟಬೇಕಾಗುತ್ತದೆ. ಹತ್ತಿ ದಾರವಾದರೆ ಬೆಂಕಿ ಬೇಡ, ಬಟ್ಟೆಗೆ ಹಚ್ಚುವ ಅಂಟು ಒಂದು ಹನಿ ಸಾಕು. ತಕ್ಷಣ ಒಣಗುವ ಗಟ್ಟಿ ಅಂಟು ಹಾಕಿದರೆ ದಾರ ಕಡ್ಡಿಯಂತಾಗಿ, ಅಂಟಿನ ಅಂಚಿನಲ್ಲೇ ಮುರಿಯುತ್ತದೆ.

ಬಾಲದ ತುದಿಗೆ ಒಂದೊಂದು ಮಣಿ ಪೋಣಿಸಿ ಎರಡು ಸುತ್ತಿನ ಗಂಟು ಹಾಕಿ, ಮಿಕ್ಕಿದ್ದನ್ನು ಕತ್ತರಿಸಿ ಕರಗಿಸಿ. ಮಣಿ ಇರುವುದರಿಂದ ಬಾಲ ಜಾರುಗಂಟಿನಿಂದ ಆಚೆ ಬರುವುದಿಲ್ಲ. ಗೊಂಡೆ ಬೇಕೆಂದರೆ 4 ಸೆಂ.ಮೀ. ಅಗಲದ ರಟ್ಟಿಗೆ ಹೊಲಿಗೆ ದಾರ 30 ಸುತ್ತು ಸುತ್ತಿ, ಮೇಲ್ತುದಿಯನ್ನು ಬಾಲಕ್ಕೆ ಕಟ್ಟಿ, ಕೆಳತುದಿ ಕತ್ತರಿಸಿ, ಕುತ್ತಿಗೆಗೆ ಎಂಟು ಸುತ್ತು ಬಿಗಿದರೆ ಆಯಿತು. ಈ ಸರ ಪೂರ್ತಿ ತೆರೆದಾಗ 70 ಸೆಂ.ಮೀ. ದಾಟುವುದರಿಂದ ತಲೆಯ ಮೇಲಿನಿಂದ ಸಲೀಸಾಗಿ ಹಾಕಿಕೊಳ್ಳಬಹುದು.

ಅದೇ ಗಂಟಿನಲ್ಲಿ ಕೈಪಟ್ಟಿ

ಚೌಕ ಗಂಟು ಕೈಗೆ ಕೂತರೆ ಕೈಪಟ್ಟಿ ಸುಲಭ. 16 ಸೆಂ.ಮೀ. ಮಣಿಕಟ್ಟಿಗೆ ನಡುದಾರ 45 ಸೆಂ.ಮೀ.ನ ಎರಡು, ಸುತ್ತುದಾರ 160 ಸೆಂ.ಮೀ.ನ ಒಂದು, ಮುಚ್ಚಿಗೆಗೆ 50 ಸೆಂ.ಮೀ.ನ ಒಂದು, 10 ಮಿ.ಮೀ. ಮಣಿ ಐದು. ಮಣಿಯ ತೂತಿನಲ್ಲಿ ಎರಡು ನಡುದಾರಗಳು ಒಟ್ಟಿಗೆ ಹಾಯಬೇಕಾದ್ದರಿಂದ ತೂತು 2 ಮಿ.ಮೀ. ಇರಲೇಬೇಕು. ಸರಕ್ಕೆ ತಂದ ಕಲ್ಲಿನ ಮಣಿ ಇಲ್ಲಿಗೆ ಹೊಂದುವುದಿಲ್ಲ, ಕಟ್ಟಿಗೆ ಮಣಿ ಹೊಂದುತ್ತದೆ.

ನಡುದಾರದ ಎರಡೂ ಕಡೆ 15 ಸೆಂ.ಮೀ. ಬಾಲ ಬಿಟ್ಟು ಒಂದು ತುದಿಯಿಂದ ಶುರು ಮಾಡಿ. ಮೊದಲು 2.5 ಸೆಂ.ಮೀ. ಚೌಕ ಗಂಟಿನ ಪಟ್ಟಿ, ಆಮೇಲೆ ನಡುದಾರಕ್ಕೆ ಒಂದು ಮಣಿ, ಸುತ್ತುದಾರಗಳನ್ನು ಮಣಿಯ ಎರಡು ಪಕ್ಕದಿಂದ ಬಳಸಿ ತಂದು ಕೆಳಗೆ ಮೂರು ಚೌಕ ಗಂಟು, ಮತ್ತೆ ಮಣಿ. ಐದೂ ಮಣಿ ಮುಗಿದ ಮೇಲೆ ಮತ್ತೆ 2.5 ಸೆಂ.ಮೀ. ಪಟ್ಟಿ. ಮಣಿಯ ಪಕ್ಕದಲ್ಲಿ ಸುತ್ತುದಾರ ಸಡಿಲ ಬಿಟ್ಟರೆ ಬಟ್ಟೆಗೆ, ಬಾಗಿಲ ಚಿಲಕಕ್ಕೆ ಸಿಕ್ಕಿ ಎಳೆದುಕೊಳ್ಳುತ್ತದೆ. ಮಣಿಯ ಮೈಗೆ ತಾಗಿಯೇ ಹೋಗಲಿ. ಮುಚ್ಚಿಗೆ ಸರದಲ್ಲಿ ಹೇಳಿದ ಹಾಗೇ, ಇಲ್ಲಿ ನಡುದಾರ ನಾಲ್ಕಾಗುತ್ತವೆ, ಅಷ್ಟೇ.

ಕಟ್ಟಿದ ಮೇಲೆ

ಸ್ನಾನಕ್ಕೆ, ಮಲಗುವುದಕ್ಕೆ ಸರ ತೆಗೆದಿಡಿ. ಎಣ್ಣೆ, ಪೌಡರು, ಅತ್ತರು ಹಚ್ಚಿಕೊಂಡ ಮೇಲೆ ಹಾಕಿಕೊಳ್ಳಿ. ಕೊಳೆಯಾದರೆ ಕುಡಿಯುವ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ; ಬೋರ್‌ವೆಲ್ಲಿನ ಸವಳು ನೀರು ಒಣಗಿದಾಗ ಗಂಟುಗಳ ಸಂದಿಯಲ್ಲಿ ಬಿಳಿ ಉಪ್ಪು ಕೂರುತ್ತದೆ. ಮೊಳೆಗೆ ತೂಗುಹಾಕಬೇಡಿ, ಮಣಿಗಳ ಭಾರಕ್ಕೆ ದಾರ ಒಂದೇ ಜಾಗದಲ್ಲಿ ಹಿಗ್ಗುತ್ತದೆ. ಡಬ್ಬಿಯಲ್ಲಿ ಸುತ್ತಿ ಮಲಗಿಸಿಡಿ.

ಆರು ತಿಂಗಳಿಗೊಮ್ಮೆ ಕುತ್ತಿಗೆಯ ಹಿಂಭಾಗಕ್ಕೆ ಬರುವ ಗಂಟುಗಳನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲೇ ಬೆವರು ಹೆಚ್ಚು, ದಾರ ಮೊದಲು ನವೆಯುವುದೂ ಅಲ್ಲೇ. ಎಳೆ ರೋಮದಂತೆ ಎದ್ದಿದ್ದರೆ ಹರಿಯುವವರೆಗೆ ಕಾಯದೆ ಬಿಚ್ಚಿ ಹೊಸ ದಾರಕ್ಕೆ ಪೋಣಿಸಿ. ಟವೆಲ್ ಹಾಸಿದ ತಾಟಿನ ಮೇಲೆ ಹಿಡಿದು, ಒಂದೊಂದು ಗಂಟನ್ನೂ ಮಣಿಯ ಬುಡದಲ್ಲಿ ಕತ್ತರಿಸಿ, ಮಣಿಗಳನ್ನು ಸಾಲು ತಪ್ಪದಂತೆ ಅಂಟುಪಟ್ಟಿಯ ಮೇಲೆ ಜೋಡಿಸುತ್ತ ಹೋಗಿ. ಎತ್ತಿಟ್ಟ ಎರಡು ಮಣಿ, ಅದೇ ದಾರದ ಒಂದು ಗೇಣು ತುಂಡು, ಹತ್ತು ಗಂಟಿನ ಅಳತೆ ಬರೆದ ಚೀಟಿ, ಇವು ಆ ಡಬ್ಬಿಯಲ್ಲೇ ಇರಲಿ.